ಹಳೆಯ ಕ್ರಿಕೆಟ್ ಕಾರ್ಡುಗಳು ಎಷ್ಟು ಅಚ್ಚಾದವು: ನಾನು ಲೆಕ್ಕ ಹಾಕಿದ ಬಗೆ

1970ರ ದಶಕದಲ್ಲಿ ಮುಂಬಯಿಯ ಸಣ್ಣ ಮಿಠಾಯಿ ತಯಾರಕರೊಬ್ಬರು ಪೆಪ್ಪರಮಿಂಟಿನ ಪೊಟ್ಟಣದೊಂದಿಗೆ 20 ಆಟಗಾರರ ಕಾರ್ಡುಗಳನ್ನು ಹಂಚಿದ್ದರು. ಸತತ 15 ವರ್ಷ ರಣಜಿ ಟ್ರೋಫಿ ಗೆದ್ದಿದ್ದ ಬಾಂಬೆ ತಂಡವನ್ನು 1974ರ ಸೆಮಿಫೈನಲ್‌ನಲ್ಲಿ ತಡೆದ ಕರ್ನಾಟಕದ ವಿಶ್ವನಾಥ್, ಪ್ರಸನ್ನ, ಚಂದ್ರಶೇಖರ್ ಅವರಲ್ಲಿ ಇದ್ದುದರಿಂದ ಮಾಟುಂಗಾದ ನಮ್ಮಂಥ ಕನ್ನಡಿಗರು ಅವನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇವೆ. ತಯಾರಕರ ಲೆಕ್ಕಪತ್ರ ಉಳಿದಿಲ್ಲ. ಆದರೆ ಬಹುಮಾನದ ಡ್ರಾಗೆಂದು ಪ್ರತಿ ಕಾರ್ಡಿನ ಹಿಂಬದಿಯಲ್ಲಿ ಕೆಂಪು ಮಸಿಯ ಕ್ರಮಸಂಖ್ಯೆಯಿದೆ; ಬೆರಳಾಡಿಸಿದರೆ ಅಂಕಿಗಳು ರಟ್ಟಿನೊಳಗೆ ಒತ್ತಿ ಕೂತಿರುವುದು ತಿಳಿಯುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಡೆಗಳ ಸಂಖ್ಯಾಶಾಸ್ತ್ರಜ್ಞರು ಜರ್ಮನ್ ಟ್ಯಾಂಕುಗಳ ಕ್ರಮಸಂಖ್ಯೆಗಳಿಂದಲೇ 1941ರ ಜೂನ್ ತಿಂಗಳ ಉತ್ಪಾದನೆಯನ್ನು 244 ಎಂದು ಅಂದಾಜಿಸಿದ್ದರು. ಗೂಢಚಾರರ ಅಂದಾಜು 1,550; ನಿಜವಾಗಿ ತಯಾರಾದದ್ದು 271. ಅದೇ ಸೂತ್ರವನ್ನು ನಾನು ಹಿಡಿದೆ: ಸಿಕ್ಕವುಗಳಲ್ಲಿ ಅತಿ ದೊಡ್ಡ ಸಂಖ್ಯೆಯನ್ನು ಕಾರ್ಡುಗಳ ಎಣಿಕೆಯಿಂದ ಭಾಗಿಸಿ, ಬಂದದ್ದನ್ನು ಆ ದೊಡ್ಡ ಸಂಖ್ಯೆಗೇ ಕೂಡಿಸಿ, ಒಂದನ್ನು ಕಳೆಯಬೇಕು.

ಮೊದಲ ಸಲ ಎಡವಿದೆ. ಚೋರ್ ಬಜಾರಿನಲ್ಲಿ ಕೊಂಡ ಒಂದೇ ಕಟ್ಟಿನ 41 ಕಾರ್ಡುಗಳಲ್ಲಿ ಅತಿ ದೊಡ್ಡದು 18,860. ಉತ್ತರ 19,319 ಬಂತು. ವಾರ ಕಳೆದ ಮೇಲೆ ಅತಿ ಚಿಕ್ಕ ಸಂಖ್ಯೆಯ ಕಡೆ ಗಮನ ಹೋಯಿತು: 17,302. ಕಾರ್ಡುಗಳು ಎಲ್ಲೆಡೆಯಿಂದ ಬಂದಿದ್ದರೆ ಅತಿ ಚಿಕ್ಕದು ಐದುನೂರರ ಆಸುಪಾಸಿನಲ್ಲಿ ಇರಬೇಕಿತ್ತು. ಇಡೀ ಕಟ್ಟು ಒಂದೇ ಪೆಟ್ಟಿಗೆಯದಾಗಿತ್ತು! ಈ ಪರೀಕ್ಷೆಯನ್ನು ಮಾಡದೆ ಯಾರೂ ಮುಂದುವರಿಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆಮೇಲೆ ಒಬ್ಬರಿಂದ ಒಂದೇ ಕಾರ್ಡಿನ ಸಂಖ್ಯೆ ಎಂಬ ನಿಯಮ ಮಾಡಿಕೊಂಡು ದಾದರ್, ವಡಾಲಾ, ಡೊಂಬಿವಲಿಯ ಪರಿಚಿತರಿಂದ 19 ಸಂಖ್ಯೆಗಳನ್ನು ಬರೆದುಕೊಂಡೆ. ಅತಿ ಚಿಕ್ಕದು 1,914, ಅತಿ ದೊಡ್ಡದು 46,210, ಅಂದಾಜು 48,641. ನೂರಕ್ಕೆ 95ರ ಭರವಸೆಯಲ್ಲಿ ಮೇಲ್ಮಿತಿ ಸುಮಾರು 54,000. ಅಚ್ಚಿನ ಆರ್ಡರುಗಳು ದುಂಡು ಸಂಖ್ಯೆಯಲ್ಲಿರುವುದು ವಾಡಿಕೆಯಾದ್ದರಿಂದ 50,000 ಎಂದು ಇಟ್ಟುಕೊಂಡೆ.

ಆದರೆ ಅದನ್ನು 20ರಿಂದ ಭಾಗಿಸಿ ಪ್ರತಿ ಆಟಗಾರನಿಗೆ 2,500 ಎನ್ನುವಂತಿಲ್ಲ. ಅಮೆರಿಕದ ಟಾಪ್ಸ್ ಕಂಪನಿಯ 1978ರ ಬೇಸ್‌ಬಾಲ್ ಸೆಟ್ಟಿನಲ್ಲಿ 726 ಕಾರ್ಡುಗಳಿದ್ದವು. 132 ಮನೆಗಳ ಆರು ಹಾಳೆಗಳಲ್ಲಿ 792 ಜಾಗವಿದ್ದುದರಿಂದ 66 ಕಾರ್ಡುಗಳು ಎರಡೆರಡು ಸಲ ಅಚ್ಚಾದವು. ನಮ್ಮ ಕಾರ್ಡುಗಳದ್ದೂ ಅದೇ ಕಥೆ. ಗಿರಗಾಂವಿನ ಅಚ್ಚುಕೂಟವೊಂದರಲ್ಲಿ ದುಡಿದಿದ್ದ ಹಿರಿಯರು ಕತ್ತರಿಸದ ಒಂದು ಹಾಳೆಯನ್ನು ಬಿಡಿಸಿ ತೋರಿಸಿದರು: ಅದರಲ್ಲಿ 24 ಮನೆಗಳು, ನಾಲ್ವರು ಆಟಗಾರರು ಎರಡು ಸಲ. "ನಂಬರು ಹೊಡೆದದ್ದು ಕಟಿಂಗ್ ಆಗಿ, ಎಲ್ಲ ಕಲಸಿದ ಮೇಲೆ ಸ್ವಾಮಿ" ಎಂದು ಅವರು ಹೇಳಿದ್ದು ನನಗೆ ದೊಡ್ಡ ನೆರವಾಯಿತು. ಒಬ್ಬೊಬ್ಬ ಆಟಗಾರನಿಗೂ ಬೇರೆ ಸಂಖ್ಯಾಸರಣಿ ಇದ್ದಿದ್ದರೆ ನನ್ನ ಲೆಕ್ಕವೇ ನಿಲ್ಲುತ್ತಿರಲಿಲ್ಲ. ಹೀಗಾಗಿ ಒಂಟಿ ಮನೆಯ ಪ್ರಸನ್ನರ ಕಾರ್ಡು ಸುಮಾರು 2,083, ಜೋಡಿ ಮನೆಯ ವಿಶ್ವನಾಥರದು ಅದರ ಇಮ್ಮಡಿ.

ಕಳೆದ ತಿಂಗಳು ಠಾಣೆಯಿಂದ ಇಪ್ಪತ್ತನೆಯ ಸಂಖ್ಯೆ ಬಂತು: 49,387. ಅಂದಾಜು 51,855ಕ್ಕೆ ಏರಿತು. 50,000ವನ್ನು ಮೀರಿದ ಕಾರ್ಡು ಈವರೆಗೆ ನನ್ನ ಕಣ್ಣಿಗೆ ಬಿದ್ದಿಲ್ಲ.