ಆಯಿಲ್ ತೊಟ್ಟಿಕ್ಕುವುದು ಒಂದು ಕಡೆ, ಸೋರುವುದು ಇನ್ನೊಂದು ಕಡೆ

ಬೆಳಿಗ್ಗೆ ಕಾರು ತೆಗೆದ ಮೇಲೆ ನೆಲದ ಮೇಲೊಂದು ಕಪ್ಪು ಕಲೆ. ಮೊದಮೊದಲು ಕಾಸಿನಗಲ ಇರುತ್ತದೆ. ಸ್ವಲ್ಪ ದಿನದಲ್ಲಿ ಅಂಗೈಯಗಲ ಆಗುತ್ತದೆ. ಹಳೇ ಕಾರು ಇಟ್ಟುಕೊಂಡವರಿಗೆ ಇದು ಹೊಸದೇನಲ್ಲ. ಕೆಲವರು ಆಯಿಲ್ ಕಮ್ಮಿಯಾದಾಗಲೆಲ್ಲ ಮೇಲಿಂದ ಸುರಿದು ದಿನ ದೂಡುತ್ತಾರೆ. ಇನ್ನು ಕೆಲವರು ಗಾಬರಿಬಿದ್ದು ದೊಡ್ಡ ರಿಪೇರಿಗೇ ಕೈ ಹಾಕುತ್ತಾರೆ. ಎರಡೂ ಬೇಡ.

ನಾನು ಎರಡನೆಯದನ್ನೇ ಮಾಡುವುದರಲ್ಲಿದ್ದೆ. ನನ್ನ ಹಳೇ ಪೆಟ್ರೋಲ್ ಕಾರಿನಲ್ಲಿ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕುತ್ತಿತ್ತು. ನೋಡಿದ ಮೆಕ್ಯಾನಿಕ್ ಒಬ್ಬರು ಕ್ರ್ಯಾಂಕ್‌ನ (ಎಂಜಿನ್ನಿನ ಒಳಗೆ ತಿರುಗುವ ಮುಖ್ಯ ದಂಡದ) ಹಿಂದಿನ ಆಯಿಲ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಲೇಬೇಕು ಅಂದರು. ಇಳಿಸುವ ಹಿಂದಿನ ದಿನ, ಒಂದ್ಸಲ ತೊಳೆದು ನೋಡೋಣ ಅಂತ ಬಾನೆಟ್ ಎತ್ತಿದೆ. ನಿಜವಾಗಿ ಸೋರುತ್ತಿದ್ದದ್ದು ಎಂಜಿನ್ನಿನ ನೆತ್ತಿಯ ಮೇಲಿನ ಟ್ಯಾಪೆಟ್ ಕವರ್‌ನ ಪ್ಯಾಕಿಂಗ್, ಅಂದರೆ ಆ ಮುಚ್ಚಳದ ಅಂಚಿನಲ್ಲಿ ಆಯಿಲ್ ಸೋರದ ಹಾಗೆ ಕೂರಿಸುವ ಪಟ್ಟಿ. ಅದರ ಹಿಂದಿನ ಮೂಲೆಯಿಂದ ಹೊರಟ ಆಯಿಲ್ ಎಂಜಿನ್ನಿನ ಬೆನ್ನ ಮೇಲೆ ಹರಿದು, ಕೆಳಗೆ ಬಂದು ತೊಟ್ಟಿಕ್ಕುತ್ತಿತ್ತು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ! ಅವತ್ತಿನಿಂದ ಯಾರು ಕೇಳಿದರೂ ನಾನು ಹೇಳುವುದು ಒಂದೇ. ಸ್ಪ್ಯಾನರ್ ಹಿಡಿಯುವ ಮೊದಲು ತೊಳೆಯಿರಿ, ಆಮೇಲೆ ಕಣ್ಣಿಟ್ಟು ನೋಡಿ.

ಅದು ಎಂಜಿನ್ ಆಯಿಲ್ಲೇನಾ?

ರಾತ್ರಿ ಕಾರು ನಿಲ್ಲಿಸುವಾಗ ಎಂಜಿನ್ ಕೆಳಗೆ ದೊಡ್ಡದೊಂದು ರಟ್ಟು ಹಾಸಿ. ಮುಂದಿನ ಎರಡು ಚಕ್ರ ಎಲ್ಲಿವೆ ಅಂತ ರಟ್ಟಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಕೊಳ್ಳಿ. ಬೆಳಿಗ್ಗೆ ಆ ಗುರುತು ನೋಡಿದರೆ ಹನಿ ಎಂಜಿನ್ನಿನ ಮುಂದಿನಿಂದ ಬಿದ್ದದ್ದೋ ಹಿಂದಿನಿಂದಲೋ ಅಂತ ಗೊತ್ತಾಗುತ್ತದೆ.

ಆಮೇಲೆ ಹನಿಯನ್ನು ಬಿಳಿ ಬಟ್ಟೆಗೆ ಒತ್ತಿ ನೋಡಿ. ಎಂಜಿನ್ ಆಯಿಲ್ ಹೊಸದಿದ್ದರೆ ಜೇನಿನ ಬಣ್ಣ, ಓಡಿದ್ದರೆ ಕಂದು ಇಲ್ಲವೇ ಕಪ್ಪು. ಹಸಿರು, ಗುಲಾಬಿ ಅಥವಾ ನೀಲಿ ಬಣ್ಣವಿದ್ದು ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಅದು ವಿಷ, ಮಕ್ಕಳು, ನಾಯಿ, ಬೆಕ್ಕು ಹತ್ತಿರ ಬರದ ಹಾಗೆ ಕೂಡಲೇ ಒರೆಸಿಬಿಡಿ. ಕೆಂಪಗಿದ್ದರೆ ಹೆಚ್ಚಾಗಿ ಪವರ್ ಸ್ಟೀರಿಂಗ್‌ನದ್ದು ಅಥವಾ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನದ್ದು. ಮೂಗಿಗೆ ಹೊಡೆಯುವ ಗಂಧಕದ ವಾಸನೆ ಇದ್ದರೆ ಗೇರ್ ಆಯಿಲ್. ಚಕ್ರದ ಹತ್ತಿರ ತೆಳ್ಳಗೆ, ತಿಳಿ ಹಳದಿಯಾಗಿ, ಜಾರುವ ಹಾಗಿದ್ದರೆ ಅದು ಬ್ರೇಕ್ ಆಯಿಲ್ ಇರಬಹುದು. ಆಗ ಕಾರನ್ನು ಓಡಿಸಲೇ ಬೇಡಿ. ಬರೀ ನೀರಾದರೆ ಎಸಿಯದ್ದು, ಚಿಂತೆ ಇಲ್ಲ.

ಹಾಗೇ ಆಯಿಲ್ ಮಟ್ಟವನ್ನೂ ನೋಡಿಬಿಡಿ. ಕಾರು ಸಮನೆಲದ ಮೇಲಿರಬೇಕು, ಎಂಜಿನ್ ಆಫ್ ಮಾಡಿ ಹತ್ತು ನಿಮಿಷವಾದರೂ ಆಗಿರಬೇಕು. ಡಿಪ್‌ಸ್ಟಿಕ್‌ನ (ಆಯಿಲ್ ಅಳೆಯುವ ಕಡ್ಡಿಯ) ಎರಡು ಗುರುತುಗಳ ನಡುವಿನ ಅಂತರ ಹೆಚ್ಚಿನ ಕಾರುಗಳಲ್ಲಿ ಸುಮಾರು 1 ಲೀಟರ್. ಮೇಲಿನ ಗುರುತು ದಾಟುವಷ್ಟು ಸುರಿಯಬೇಡಿ, ಜಾಸ್ತಿಯಾದ ಆಯಿಲ್ ಕೂಡ ಸೀಲುಗಳಿಗೆ ಕಷ್ಟ ಕೊಡುತ್ತದೆ. ಓಡಿಸುವಾಗ ಆಯಿಲ್ ಪ್ರೆಷರ್‌ನ ಕೆಂಪು ದೀಪ ಹತ್ತಿತೋ, ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಇನ್ನೊಂದು ಕಿಲೋಮೀಟರ್ ಹೋಗಿಬಿಡೋಣ ಅಂದುಕೊಂಡರೆ ಎಂಜಿನ್ನೇ ಹೋದೀತು. ಬಾನೆಟ್ ಒಳಗಿಂದ ಸುಟ್ಟ ಆಯಿಲ್ ವಾಸನೆ, ಹೊಗೆ ಬರುತ್ತಿದ್ದರೂ ತಡ ಮಾಡಬೇಡಿ. ಕಾದ ಎಕ್ಸಾಸ್ಟ್ ಮೇಲೆ ಆಯಿಲ್ ಬೀಳುತ್ತಿದೆ ಅಂತ ಅರ್ಥ, ಬೆಂಕಿ ಹತ್ತುವ ಅಪಾಯ ಇದೆ.

ತೊಳೆಯುವುದೇ ಅರ್ಧ ಕೆಲಸ

ವರ್ಷಗಟ್ಟಲೆ ಸೋರಿದ ಆಯಿಲ್ಲೂ ಧೂಳೂ ಸೇರಿ ಎಂಜಿನ್ ಮೇಲೆ ದಪ್ಪ ಜಿಡ್ಡು ಕಟ್ಟಿರುತ್ತದೆ. ಅದರ ಮೇಲೆ ಎಷ್ಟು ಹೊತ್ತು ಟಾರ್ಚ್ ಹಾಯಿಸಿದರೂ ಎಲ್ಲವೂ ಒದ್ದೆಯಾಗೇ ಕಾಣುತ್ತದೆ. ತೊಳೆಯದೆ ಹುಡುಕುವುದು ಸುಮ್ನೆ ಹೊತ್ತು ಕಳೆದಂತೆ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಆಲ್ಟರ್ನೇಟರ್, ಡಿಸ್ಟ್ರಿಬ್ಯೂಟರ್, ಇಗ್ನಿಷನ್ ಕಾಯಿಲ್ ಮತ್ತು ಗಾಳಿ ಎಳೆದುಕೊಳ್ಳುವ ಬಾಯಿಗೆ ಪ್ಲಾಸ್ಟಿಕ್ ಕವರ್ ಸುತ್ತಿ ಕಟ್ಟಿ. ದಪ್ಪ ಜಿಡ್ಡನ್ನು ಮೊದಲು ಹಳೇ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಚರಂಡಿಗೆ ಹೋಗುವ ಕೊಳೆ ಅಷ್ಟು ಕಮ್ಮಿಯಾಗುತ್ತದೆ. ಉಳಿದದ್ದಕ್ಕೆ ಜಿಡ್ಡು ಬಿಡಿಸುವ ಎಂಜಿನ್ ಡಿಗ್ರೀಸರ್ ಸಿಂಪಡಿಸಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ಮೆಲ್ಲಗೆ ಹರಿಯುವ ನೀರಿನಲ್ಲಿ ತೊಳೆಯಿರಿ. ಜೋರಾಗಿ ನೀರು ಹಾಯಿಸಿದರೆ ವೈರಿಂಗ್ ಕನೆಕ್ಟರ್‌ಗಳ ಒಳಗೆ ನುಗ್ಗುತ್ತದೆ. ಪೆಟ್ರೋಲ್ ಹಾಕಿ ತೊಳೆಯುವುದಂತೂ ಬೇಡವೇ ಬೇಡ.

ಚೆನ್ನಾಗಿ ಒಣಗಿದ ಮೇಲೆ, ಅನುಮಾನ ಇರುವ ಜೋಡಣೆಗಳ ಸುತ್ತ ಮೈಗೆ ಹಾಕುವ ಪೌಡರನ್ನು ತೆಳ್ಳಗೆ ಉದುರಿಸಿ. ಎಂಜಿನ್ ಸ್ಟಾರ್ಟ್ ಮಾಡಿ ಹದಿನೈದು ನಿಮಿಷ ಬಿಡಿ, ಇಲ್ಲವೇ ಹತ್ತಿರದಲ್ಲೇ ಒಂದು ಸುತ್ತು ಹೋಗಿಬನ್ನಿ. ಎಂಜಿನ್ ಓಡುತ್ತಿರುವಾಗ ಕೈ, ತೋಳು, ಸೆರಗು, ಕೂದಲು ಯಾವುದೂ ಬೆಲ್ಟಿಗೂ ಫ್ಯಾನಿಗೂ ಹತ್ತಿರ ಹೋಗಬಾರದು. ಆಫ್ ಮಾಡಿದ ಮೇಲೂ ಎಲೆಕ್ಟ್ರಿಕ್ ಫ್ಯಾನ್ ಇದ್ದಕ್ಕಿದ್ದ ಹಾಗೆ ತಿರುಗಬಹುದು.

ಈಗ ಟಾರ್ಚ್ ಹಿಡಿದು ನೋಡಿ. ನನ್ನ ಕಾರಿನಲ್ಲಿ ಕಂಡದ್ದು ಕೂದಲೆಳೆಯಷ್ಟು ಸಣ್ಣ ಗೆರೆ. ಬಿಳಿ ಪೌಡರಿನ ಮೇಲೆ, ಟ್ಯಾಪೆಟ್ ಕವರ್‌ನ ಹಿಂದಿನ ಬೋಲ್ಟಿನ ಕೆಳಗಿನಿಂದ ಶುರುವಾಗಿ, ಬೂದು ಬಣ್ಣಕ್ಕೆ ತಿರುಗುತ್ತಾ ಕೆಳಗಿಳಿದಿತ್ತು. ನೋಡ್ತಾ ನೋಡ್ತಾ ಅದರ ತುದಿಯಲ್ಲಿ ಒಂದು ಹನಿ ಕೂಡಿಕೊಂಡು ಜಾರಿತು. ಕಣ್ಣು ಎಟುಕದ ಜಾಗಕ್ಕೆ ಚಿಕ್ಕ ಕನ್ನಡಿ ಹಿಡಿಯಿರಿ. ಎಂಜಿನ್ ಆಫ್ ಮಾಡಿ, ಮೊಬೈಲನ್ನು ಸಂದಿಗೆ ಇಳಿಸಿ ವಿಡಿಯೊ ತೆಗೆದರೂ ಆಗುತ್ತದೆ.

ಇಲ್ಲಿ ನೆನಪಿಡಬೇಕಾದದ್ದು ಆಯಿಲ್‌ನ ನಡೆ. ಅದು ಕೆಳಗೆ ಇಳಿಯುತ್ತದೆ, ಕಾರು ಓಡುವಾಗ ಗಾಳಿಗೆ ಹಿಂದಕ್ಕೂ ಹಾರುತ್ತದೆ. ಹಾಗಾಗಿ ಎಲ್ಲಕ್ಕಿಂತ ಮೇಲಿರುವ, ಎಲ್ಲಕ್ಕಿಂತ ಮುಂದಿರುವ ಒದ್ದೆ ಜಾಗ ಯಾವುದು ಅಂತ ಹುಡುಕಿ. ಕೆಳಗಿನ ಒದ್ದೆಯೆಲ್ಲ ಅದರ ಬಾಲ ಅಷ್ಟೇ.

ಪೌಡರಿನಲ್ಲಿ ಸಿಗದಷ್ಟು ಸಣ್ಣ ಸೋರಿಕೆಗೆ ಯುವಿ ಡೈ, ಅಂದರೆ ಅಲ್ಟ್ರಾವಯೊಲೆಟ್ ಬೆಳಕಿಗೆ ಹೊಳೆಯುವ ಬಣ್ಣ ಇದೆ. ಎಂಜಿನ್ ಆಯಿಲ್‌ಗೆ ಬೆರೆಸಿ, ಒಂದೆರಡು ದಿನ ಓಡಿಸಿ, ಕತ್ತಲಲ್ಲಿ ಯುವಿ ಟಾರ್ಚ್ ಹಾಯಿಸಿದರೆ ಸೋರುವ ಜಾಗ ಹಳದಿ ಹಸಿರಾಗಿ ಹೊಳೆಯುತ್ತದೆ.

ಪ್ಯಾಕಿಂಗ್ ಬದಲಿಸುವ ಮೊದಲು ಬ್ರೀದರ್

ಇದನ್ನು ತುಂಬಾ ಜನ ಬಿಟ್ಟುಬಿಡುತ್ತಾರೆ. ಪಿಸ್ಟನ್ ಪಕ್ಕದಿಂದ ನುಸುಳಿದ ಬಿಸಿ ಗಾಳಿ ಎಂಜಿನ್ ಹೊಟ್ಟೆಯಲ್ಲಿ ಸೇರುತ್ತಾ ಇರುತ್ತದೆ. ಅದು ಹೊರಹೋಗಲು ಇರುವ ದಾರಿಯೇ ಬ್ರೀದರ್ ಪೈಪ್ ಮತ್ತು ಅದರ ಹರಿವನ್ನು ಹತೋಟಿಯಲ್ಲಿಡುವ ಪಿಸಿವಿ ವಾಲ್ವ್. ಹಳೇ ಎಂಜಿನ್‌ಗಳಲ್ಲಿ ಈ ದಾರಿ ಕಪ್ಪು ಕೆಸರು ಕಟ್ಟಿ ಮುಚ್ಚಿಕೊಳ್ಳುತ್ತದೆ. ಆಗ ಒಳಗಿನ ಒತ್ತಡ ಹೆಚ್ಚಾಗಿ, ಎಲ್ಲಿ ಸಡಿಲ ಇದೆಯೋ ಅಲ್ಲಿಂದ ಆಯಿಲ್ಲನ್ನು ಹೊರಗೆ ತಳ್ಳುತ್ತದೆ. ಇದನ್ನು ಸರಿಮಾಡದೆ ಹೊಸ ಪ್ಯಾಕಿಂಗ್ ಹಾಕಿದರೆ ಅದೂ ಸೋರುತ್ತದೆ.

ಬ್ರೀದರ್ ಪೈಪ್ ಬಿಚ್ಚಿ, ಒಳಗೆ ಕಸ ಇದ್ದರೆ ತೆಗೆಯಿರಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸದು ಹಾಕಿ. ಹಳೇ ಮಾದರಿಯ ಪಿಸಿವಿ ವಾಲ್ವನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಗಿಲಕಿಯ ಹಾಗೆ ಟಕಟಕ ಅನ್ನಬೇಕು. ಸದ್ದೇ ಇಲ್ಲ ಅಂದರೆ ಕಚ್ಚಿಕೊಂಡಿದೆ, ಬದಲಿಸಿ.

ಟ್ಯಾಪೆಟ್ ಕವರ್ ಪ್ಯಾಕಿಂಗ್

ಹಳೇ ಕಾರಿನ ಸೋರಿಕೆಯಲ್ಲಿ ನಾನು ಮೊದಲು ಅನುಮಾನ ಪಡುವುದು ಇದನ್ನೇ. ಕೆಲವರು ವಾಲ್ವ್ ಕವರ್ ಅಂತಲೂ ಅನ್ನುತ್ತಾರೆ. ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಗಳಲ್ಲಿ ಆಯಿಲ್ ನಿಂತು ಎಂಜಿನ್ ಮಿಸ್ ಹೊಡೆಯುತ್ತಿದ್ದರೆ, ಇದೇ ಕವರ್‌ನ ಪ್ಲಗ್ ಸೀಲುಗಳು ಹೋಗಿರುತ್ತವೆ. ಪ್ಯಾಕಿಂಗ್ ಜೊತೆಗೇ ಅವನ್ನೂ ತಂದುಕೊಳ್ಳಿ.

ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ತೆಗೆಯಿರಿ. ಪ್ಲಗ್ ವೈರ್, ಬ್ರೀದರ್ ಪೈಪ್ ಬಿಚ್ಚುವ ಮೊದಲು ಒಂದು ಫೋಟೊ ತೆಗೆದುಕೊಳ್ಳಿ. ಪ್ಲಗ್ ವೈರ್‌ಗಳಿಗೆ 1, 2, 3, 4 ಅಂತ ಚೀಟಿ ಅಂಟಿಸಿ. ಕವರ್‌ನ ಸುತ್ತಲಿನ ಧೂಳನ್ನು ಮತ್ತೊಮ್ಮೆ ಒರೆಸಿ, ಎತ್ತಿದ ಕೂಡಲೇ ಅದು ಒಳಗೆ ಬೀಳಬಾರದು ಅಲ್ವಾ?

ಬೋಲ್ಟುಗಳನ್ನು ತುದಿಗಳಿಂದ ನಡುವಿನ ಕಡೆಗೆ, ಒಂದೊಂದು ಸುತ್ತು ಸಡಿಲ ಮಾಡುತ್ತಾ ಬನ್ನಿ. ಕವರ್ ಅಂಟಿಕೊಂಡಿದ್ದರೆ ರಬ್ಬರ್ ಸುತ್ತಿಗೆಯಿಂದ ಪಕ್ಕಕ್ಕೆ ಮೆಲ್ಲಗೆ ತಟ್ಟಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಅಲ್ಯೂಮಿನಿಯಂ ಮೇಲೆ ಗೀರು ಬೀಳುತ್ತದೆ, ಆ ಗೀರೇ ಮುಂದೆ ಆಯಿಲ್‌ಗೆ ಹೊಸ ದಾರಿ.

ಹಳೇ ಪ್ಯಾಕಿಂಗನ್ನು ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ. ರಬ್ಬರ್ ಅಂದರೆ ಬಳುಕಬೇಕು. ನನ್ನದು ಒಣ ಕಡ್ಡಿಯ ಹಾಗೆ ಲಟಕ್ಕನೆ ಮುರಿದು ಎರಡು ತುಂಡಾಯಿತು. ವರ್ಷಗಟ್ಟಲೆ ಕಾದು ತಣಿದು, ಕಾದು ತಣಿದು ಗಟ್ಟಿಯಾದ ರಬ್ಬರ್ ಲೋಹಕ್ಕೆ ಒತ್ತಿ ಕೂರುವುದಿಲ್ಲ. ಎಂಜಿನ್ ಬಿಸಿಯಾದಾಗ ಜೋಡಣೆ ಸ್ವಲ್ಪ ಅಲುಗಿದರೂ ಸಂದಿ ಬಿಡುತ್ತದೆ. ಇನ್ನೂ ಹಳೇ ಕಾರುಗಳಲ್ಲಿ ಕಾರ್ಕ್ ಪ್ಯಾಕಿಂಗ್ ಇರುತ್ತದೆ, ಅದು ಒಣಗಿ ಕುಗ್ಗುತ್ತದೆ.

ತೆರೆದ ಭಾಗಕ್ಕೆ ನೂಲು ಬಿಡದ ಶುಭ್ರ ಬಟ್ಟೆ ಮುಚ್ಚಿ. ಕವರ್‌ನ ಅಂಚನ್ನೂ ಅದು ಕೂರುವ ಸಿಲಿಂಡರ್ ಹೆಡ್‌ನ ಅಂಚನ್ನೂ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಬೆರಳಾಡಿಸಿದರೆ ಏನೂ ತಗುಲದ ಹಾಗೆ ನುಣ್ಣಗೆ ಮಾಡಿ, ಜಿಡ್ಡು ಒರೆಸಿ ಒಣಗಿಸಿ. ಹೊಸ ಪ್ಯಾಕಿಂಗನ್ನು ಕವರ್‌ನ ಅಂಚಿನ ತೋಡಿನಲ್ಲಿ ಸುತ್ತಲೂ ಒತ್ತಿ ಕೂರಿಸಿ. ರಬ್ಬರ್ ಪ್ಯಾಕಿಂಗ್‌ಗೆ ಪೂರ್ತಿ ಗಮ್ ಬಳಿಯುವ ಅಭ್ಯಾಸ ಇದೆ, ಅದು ತಪ್ಪು. ಹೆಡ್‌ನಲ್ಲಿ ಎರಡು ಭಾಗಗಳು ಸೇರುವ ಮೂಲೆಗಳಿಗೆ ಮಾತ್ರ ಕಾಳಿನಷ್ಟು ಆರ್‌ಟಿವಿ ಸಿಲಿಕಾನ್ (ಟ್ಯೂಬಿನಲ್ಲಿ ಬರುವ ಗಮ್) ಸಾಕು. ಜಾಸ್ತಿ ಹಾಕಿದರೆ ಒಳಕ್ಕೆ ಉಬ್ಬಿದ ತುಣುಕು ಕಳಚಿ, ತಳದಲ್ಲಿ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಳ್ಳುತ್ತದೆ.

ಮುಚ್ಚಿದ ಬಟ್ಟೆ ತೆಗೆದಿದ್ದೀರಾ ನೋಡಿಕೊಂಡು ಕವರ್ ಕೂರಿಸಿ. ಬೋಲ್ಟುಗಳನ್ನು ಕೈಯಲ್ಲೇ ಹತ್ತಿಸಿ. ಆಮೇಲೆ ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಈ ಸಣ್ಣ 6 ಮಿಲಿಮೀಟರ್ ಬೋಲ್ಟುಗಳಿಗೆ ಸಾಮಾನ್ಯವಾಗಿ 8ರಿಂದ 10 ನ್ಯೂಟನ್ ಮೀಟರ್ ಬಿಗಿ ಸಾಕು. ನಿಮ್ಮ ಕಾರಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಸೋರಬಾರದು ಅಂತ ಶಕ್ತಿ ಹಾಕಿ ತಿರುಗಿಸಿದರೆ ಪ್ಯಾಕಿಂಗ್ ಹಿಸುಕಿ ಹೊರಬರುತ್ತದೆ, ಇಲ್ಲವೇ ಬೋಲ್ಟೇ ಮುರಿಯುತ್ತದೆ. ಸಿಲಿಕಾನ್ ಹಾಕಿದ್ದರೆ ಟ್ಯೂಬ್ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಟ್ಟು ಆಮೇಲೆ ಸ್ಟಾರ್ಟ್ ಮಾಡಿ.

ಕೆಳಗಿನ ಜಾಗಗಳು

ಕಾರಿನ ಅಡಿಗೆ ಹೋಗುವ ಮೊದಲು ಒಂದು ಮಾತು, ದಯವಿಟ್ಟು ಕೇಳಿ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಒಂದು ನಿಮಿಷಕ್ಕೂ ಹೋಗಬೇಡಿ. ಗಟ್ಟಿ ನೆಲದ ಮೇಲೆ ಎತ್ತಿ, ಎರಡೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು, ಹಿಂದಿನ ಚಕ್ರಗಳಿಗೆ ಮರದ ತುಂಡು ಅಡ್ಡ ಇಟ್ಟು, ಕಾರನ್ನು ಕೈಯಿಂದ ಅಲ್ಲಾಡಿಸಿ ನೋಡಿ. ಆಮೇಲೆ ಕೆಳಗೆ ಹೋಗಿ.

ಆಯಿಲ್ ಬದಲಿಸಿದ ಮರುದಿನವೇ ಸೋರಿಕೆ ಶುರುವಾಗಿದ್ದರೆ ಫಿಲ್ಟರ್ ಮತ್ತು ಡ್ರೇನ್ ಬೋಲ್ಟ್ ನೋಡಿ. ಹಳೇ ಫಿಲ್ಟರ್‌ನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿದು, ಅದರ ಮೇಲೆ ಹೊಸದು ಕೂತಿರುತ್ತದೆ. ಎರಡು ರಿಂಗ್ ಸೇರಿದರೆ ಆಯಿಲ್ ಒಮ್ಮೆಲೇ ಚಿಮ್ಮಬಹುದು. ಹೊಸ ರಿಂಗಿಗೆ ಆಯಿಲ್ ಸವರಿ, ಫಿಲ್ಟರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ತಿರುಗಿಸಿದರೆ ಆಯಿತು. ಡ್ರೇನ್ ಬೋಲ್ಟಿನ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್ ಒಮ್ಮೆ ಒತ್ತಿಕೊಂಡರೆ ಮುಗಿಯಿತು, ಪ್ರತಿ ಸಲ ಹೊಸದು ಹಾಕಿ.

ಆಯಿಲ್ ಪ್ರೆಷರ್ ಸ್ವಿಚ್ಚಿನ ಕನೆಕ್ಟರ್ ಎಳೆದಾಗ ಒಳಗೆ ಆಯಿಲ್ ಇದ್ದರೆ ಸ್ವಿಚ್ಚೇ ಸೋರುತ್ತಿದೆ. ಬದಲಿಸುವುದು ಸುಲಭ. ಆದರೆ ಒಂದೇ ವೈರಿನ ಸ್ವಿಚ್ಚಿಗೆ ಟೆಫ್ಲಾನ್ ಟೇಪ್ ಸುತ್ತಬೇಡಿ, ಅದಕ್ಕೆ ಅರ್ತ್ ಸಿಗುವುದು ಅದನ್ನು ತಿರುಗಿಸಿ ಕೂರಿಸುವ ಥ್ರೆಡ್‌ನ ಮೂಲಕವೇ.

ತಳದ ಆಯಿಲ್ ಚೇಂಬರ್ ಪ್ಯಾಕಿಂಗ್ ಸೋರಿದರೆ ಬೋಲ್ಟ್ ಬಿಗಿ ಇದೆಯಾ ನೋಡಿ, ಜಾಸ್ತಿ ತಿರುಗಿಸಬೇಡಿ. ತಗಡಿನ ಚೇಂಬರ್ ಆದರೆ ಬೋಲ್ಟಿನ ತೂತುಗಳ ಸುತ್ತ ತಗಡು ಒಳಬಾಗಿ ಸೋರಿಕೆ ಇನ್ನೂ ಹೆಚ್ಚುತ್ತದೆ. ಬಿಚ್ಚಿದಾಗ ಆ ಅಂಚನ್ನು ಮರದ ತುಂಡಿನ ಮೇಲಿಟ್ಟು ತಟ್ಟಿ ಸಮ ಮಾಡಿಕೊಳ್ಳಿ.

ಕ್ರ್ಯಾಂಕ್‌ನಿಂದ ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ) ತಿರುಗಿಸುವ ಟೈಮಿಂಗ್ ಬೆಲ್ಟ್ ಇರುವ ಕಡೆಯ ಕ್ಯಾಮ್ ಸೀಲ್, ಕ್ರ್ಯಾಂಕ್ ಸೀಲ್ ಸೋರಿದರೆ ತಳ್ಳಿಹಾಕಬೇಡಿ. ಆಯಿಲ್ ಕುಡಿದ ಬೆಲ್ಟ್ ಬೇಗ ಹಾಳಾಗುತ್ತದೆ, ಅದು ತುಂಡಾದರೆ ಎಷ್ಟೋ ಎಂಜಿನ್‌ಗಳಲ್ಲಿ ವಾಲ್ವುಗಳು ಬಗ್ಗಿಹೋಗುತ್ತವೆ. ಸೀಲೂ ಬೆಲ್ಟೂ ಒಟ್ಟಿಗೇ ಬದಲಿಸಿ. ಟೈಮಿಂಗ್ ಕೂರಿಸಿ ಅಭ್ಯಾಸ ಇಲ್ಲದಿದ್ದರೆ ಈ ಕೆಲಸ ಬಲ್ಲವರಿಗೇ ಕೊಡಿ. ಹಿಂದಿನ ಕ್ರ್ಯಾಂಕ್ ಸೀಲ್‌ಗೆ ಗೇರ್‌ಬಾಕ್ಸ್ ಇಳಿಸಲೇಬೇಕು. ಅದರ ಮೇಲ್ಗಡೆ ಇರುವ ಎಲ್ಲವೂ ಒಣಗಿದೆ ಅಂತ ನೀವೇ ಕಣ್ಣಾರೆ ನೋಡುವ ತನಕ ಒಪ್ಪಬೇಡಿ. ಇಳಿಸುವುದೇ ಆದರೆ ಕ್ಲಚ್ ಪ್ಲೇಟನ್ನೂ ಅವತ್ತೇ ನೋಡಿಸಿ.

ಸೋರಿಕೆ ನಿಲ್ಲಿಸುವ ಬಾಟಲಿ ಔಷಧಿಗಳ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅವುಗಳಲ್ಲಿ ಹೆಚ್ಚಿನವು ಗಟ್ಟಿಯಾದ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತವೆ. ಸಣ್ಣ ಸೀಲ್ ಸೋರಿಕೆ ಸ್ವಲ್ಪ ದಿನ ಕಮ್ಮಿಯಾಗಬಹುದು. ಮುರಿದ ಪ್ಯಾಕಿಂಗ್ ಅದರಿಂದ ಕೂಡುವುದಿಲ್ಲ. ನಾನು ಹಾಕುವುದಿಲ್ಲ.

ಮುಗಿದ ಮೇಲೆ

ಕೈಗೆ ಗ್ಲೌಸ್ ಇರಲಿ, ಓಡಿದ ಆಯಿಲ್ ಚರ್ಮಕ್ಕೆ ಒಳ್ಳೆಯದಲ್ಲ. ಇಳಿಸಿದ ಆಯಿಲ್ಲನ್ನು ಡಬ್ಬದಲ್ಲಿ ತುಂಬಿ, ಹಳೇ ಆಯಿಲ್ ತೆಗೆದುಕೊಳ್ಳುವವರಿಗೆ ಕೊಡಿ. ಮಣ್ಣಿಗೋ ಚರಂಡಿಗೋ ಸುರಿಯಬೇಡಿ.

ಆಯಿಲ್ ಮಟ್ಟ ನೋಡಿ, ಎಂಜಿನ್ ಬಿಸಿಯಾಗುವ ತನಕ ಓಡಿಸಿ, ಕೆಲಸ ಮಾಡಿದ ಜಾಗಕ್ಕೆ ಟಾರ್ಚ್ ಹಾಯಿಸಿ. ಆಮೇಲೆ ಮೂರು ರಾತ್ರಿ ಹೊಸ ರಟ್ಟು ಹಾಸಿ. ಮೊದಲ ರಾತ್ರಿ ಒಂದೆರಡು ಹನಿ ಬಿದ್ದರೆ ಬೇಜಾರಾಗಬೇಡಿ, ಸಂದಿಗೊಂದಿಯಲ್ಲಿ ಕೂತಿದ್ದ ಹಳೇ ಆಯಿಲ್ ಇಳಿದು ಬರುತ್ತಿರುತ್ತದೆ. ಮೂರನೇ ಬೆಳಿಗ್ಗೆಯೂ ಹೊಸ ಹನಿ ಇದ್ದರೆ, ಒರೆಸಿ ಒಣಗಿಸಿ, ಪೌಡರ್ ಡಬ್ಬ ಮತ್ತೆ ಹೊರಗೆ ತೆಗೆಯಿರಿ.