ಬಾಂಬರ್ ವಿಮಾನದಲ್ಲಿ ಮಡಿದವನನ್ನು ಹುಡುಕುವುದು ಹೇಗೆ?

ನವೆಂಬರ್‌ನ ಎರಡನೇ ಭಾನುವಾರ, ಅಂದರೆ ಯುದ್ಧದಲ್ಲಿ ಮಡಿದವರ ಸ್ಮರಣೆಯ ದಿನ ಹತ್ತಿರ ಬಂತೆಂದರೆ, ಇಂಗ್ಲೆಂಡಿನ ನಮ್ಮ ಬೀದಿಯಲ್ಲಿ ಯಾರಾದರೊಬ್ಬ ಅಜ್ಜಿ ಬಾಗಿಲು ತಟ್ಟುತ್ತಾರೆ. ‘ನಿನಗೆ ಕಂಪ್ಯೂಟರ್ ಗೊತ್ತಲ್ಲ, ನಮ್ಮಣ್ಣ ಎಲ್ಲಿ ಸತ್ತನೋ ಹುಡುಕಿಕೊಡಪ್ಪ.’ ಹೀಗೆ ಹುಡುಕಲು ಹೋಗಿ ಬೇರೆ ಯಾರದೋ ಸಮಾಧಿಗೆ ಹೂವಿಟ್ಟು ಬಂದವರನ್ನು ಕಂಡಿದ್ದೇನೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ವಾಯುಪಡೆಯ ಬಾಂಬ್ ದಾಳಿ ವಿಭಾಗವಾದ ಬಾಂಬರ್ ಕಮಾಂಡ್ ಒಂದರಲ್ಲೇ ಸತ್ತವರು 55,573 ಮಂದಿ. ಅದರಲ್ಲಿ ಸ್ಮಿತ್‌ಗಳು ಎಷ್ಟಿರಬಹುದು, ಲೆಕ್ಕ ಹಾಕಿ.

ಮೊದಲು ಸೇವಾ ಸಂಖ್ಯೆ, ಅಂದರೆ ವಾಯುಪಡೆ ಅವನಿಗೆ ಕೊಟ್ಟ ನಂಬರು, ಹುಡುಕಿ. ಹೆಸರು ಆಮೇಲೆ. ಮನೆಯ ಹಳೆಯ ಪತ್ರಗಳಲ್ಲಿ ಅದು ಸಿಕ್ಕೀತು. ಸಾರ್ಜೆಂಟ್ ಆಗಿದ್ದವನು ಅಧಿಕಾರಿಯಾಗಿ ಬಡ್ತಿ ಪಡೆದರೆ ಸಂಖ್ಯೆಯೇ ಬದಲಾಗುತ್ತಿತ್ತು. ಎರಡು ಸಂಖ್ಯೆ ಸಿಕ್ಕರೆ ಇಬ್ಬರೆಂದು ಗಾಬರಿಯಾಗಬೇಡಿ.

ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಸಂಖ್ಯೆ ಹಾಕಿ. ಸ್ಮಶಾನ, ತಾರೀಖು, ಹೆಚ್ಚಿನ ಸಲ ಸ್ಕ್ವಾಡ್ರನ್ (ವಾಯುಪಡೆಯ ತುಕಡಿ) ಕೂಡ ಸಿಗುತ್ತದೆ. ದೇಹವೇ ಸಿಗದಿದ್ದವರ ಹೆಸರು ಇಂಗ್ಲೆಂಡಿನ ರನ್ನಿಮೀಡ್ ಸ್ಮಾರಕದಲ್ಲಿದೆ. ಅಲ್ಲಿ 20,000ಕ್ಕೂ ಹೆಚ್ಚು ಹೆಸರುಗಳಿವೆ.

ಎಲ್ಲರೂ ಎಡವುವುದು ತಾರೀಖಿನಲ್ಲಿ. ಬಾಂಬರ್‌ಗಳು ಹೆಚ್ಚಾಗಿ ಹಾರುತ್ತಿದ್ದುದು ರಾತ್ರಿ. ಸಂಜೆ ಹೊರಟ ವಿಮಾನ ಮಧ್ಯರಾತ್ರಿ ದಾಟಿ ಬಿದ್ದರೆ ಒಂದು ದಾಖಲೆ ಹೊರಟ ದಿನವನ್ನು ಹೇಳುತ್ತದೆ, ಇನ್ನೊಂದು ಬಿದ್ದ ದಿನವನ್ನು. ಕೆನಡಾದ 419ನೇ ಸ್ಕ್ವಾಡ್ರನ್ನಿನಲ್ಲಿ ವಿಮಾನದ ಬಂದೂಕು ನಡೆಸುತ್ತಿದ್ದ ಗನ್ನರ್ ಆ್ಯಂಡ್ರ್ಯೂ ಮಿನಾರ್ಸ್ಕಿಯನ್ನೇ ನೋಡಿ. 1944ರ ಜೂನ್ 12ರ ರಾತ್ರಿ ಅವನ ಲ್ಯಾಂಕಾಸ್ಟರ್ ಬಾಂಬರ್ ಫ್ರಾನ್ಸಿನ ಕಾಂಬ್ರೆಗೆ ಹೊರಟಿತು. ಹೊಡೆತ ಬಿದ್ದಾಗ 13 ಹುಟ್ಟಿತ್ತು. ವಿಮಾನದ ಬಾಲದಲ್ಲಿ ಸಿಕ್ಕಿಕೊಂಡ ಗೆಳೆಯನನ್ನು ಬಿಡಿಸಲು ಬೆಂಕಿಗೆ ಕೈ ಹಾಕಿದ ಮಿನಾರ್ಸ್ಕಿ, ಉರಿಯುವ ಬಟ್ಟೆಯಲ್ಲೇ ಕೊನೆಗೆ ಹಾರಿ ಸತ್ತ. ಗೆಳೆಯ ವಿಮಾನದೊಡನೆ ಬಿದ್ದೂ ಬದುಕಿದ, ನಡೆದದ್ದನ್ನು ಹೇಳಿದ. 12ನ್ನಷ್ಟೇ ಹುಡುಕುವವರು 13ರ ದಾಖಲೆಯನ್ನು ಕಳೆದುಕೊಳ್ಳುತ್ತಾರೆ. ಆದ್ದರಿಂದ ಯಾವಾಗಲೂ ಎರಡೂ ದಿನ ನೋಡಿ. ಇದರಲ್ಲಿ ರಾಜಿಯಿಲ್ಲ.

ತಾರೀಖು, ಸ್ಕ್ವಾಡ್ರನ್ ಕೈಗೆ ಬಂದ ಮೇಲೆ ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ದಾಖಲೆಗಾರದ ‘ಏರ್ 27’ ಸರಣಿಯಲ್ಲಿ ಆ ಸ್ಕ್ವಾಡ್ರನ್ನಿನ ದಿನಚರಿ ತೆರೆಯಿರಿ. ಎರಡು ಬಗೆಯ ಹಾಳೆಗಳಿವೆ. 540 ನಮೂನೆಯಲ್ಲಿ ದಿನದ ಸಾರಾಂಶ. ನಿಮಗೆ ಬೇಕಾದದ್ದು 541. ಅದರಲ್ಲಿ ಒಂದೊಂದು ವಿಮಾನದಲ್ಲೂ ಯಾರ್ಯಾರಿದ್ದರೆಂಬುದು ಇರುತ್ತದೆ. ಲ್ಯಾಂಕಾಸ್ಟರ್‌ಗೆ ಸಾಮಾನ್ಯವಾಗಿ ಏಳು ಮಂದಿ. ಏಳೂ ಹೆಸರು ಬರೆದುಕೊಳ್ಳಿ. ಟೈಪ್ ಮಾಡಿದ ಗುಮಾಸ್ತ ಹೆಸರು ತಪ್ಪಿಸಿರುವುದುಂಟು, ಆಯೋಗದ ಪಟ್ಟಿಯೊಡನೆ ತಾಳೆ ನೋಡಿ. ಯಾರದೋ ವಂಶವೃಕ್ಷದಿಂದ ನಕಲು ಮಾಡುವ ಅಡ್ಡದಾರಿ ಬೇಡ. ಒಬ್ಬ ಮಾಡಿದ ತಪ್ಪು ಹತ್ತು ಮರಗಳಲ್ಲಿ ಚಿಗುರಿರುತ್ತದೆ.

ಫ್ರೇಮು ಹಾಕಿದ ‘ಗೌರವ ಪತ್ರ’ ಮಾರುವವರಿದ್ದಾರೆ. ಹ್ಯಾಲಿಫ್ಯಾಕ್ಸ್ ಎಂಬ ಬೇರೆ ಬಾಂಬರ್‌ನಲ್ಲಿ ಸತ್ತವನಿಗೂ ಲ್ಯಾಂಕಾಸ್ಟರ್ ಚಿತ್ರವೇ! ಆ ದುಡ್ಡಿಗೆ ಲಿಂಕನ್ ಊರಿಗೆ ರೈಲು ಟಿಕೆಟ್ ತೆಗೆಸಿ. ಅಲ್ಲಿನ ಬಾಂಬರ್ ಕಮಾಂಡ್ ಕೇಂದ್ರದ ಗೋಡೆಗಳಲ್ಲಿ ಅಜ್ಜಿಯೇ ಅಣ್ಣನ ಹೆಸರು ಮುಟ್ಟಿ ನೋಡಬಹುದು.

ಸ್ಮರಣೆಗೆಂದು ಮರದ ಪುಟ್ಟ ಶಿಲುಬೆ ನೆಡುವುದಾದರೆ ಹೆಸರನ್ನು ಪೆನ್ಸಿಲ್‌ನಲ್ಲೇ ಒತ್ತಿ ಬರೆಯಿರಿ. ನೀರಿನಲ್ಲಿ ಕರಗುವ ಶಾಯಿ ನವೆಂಬರ್ ಮಳೆಗೆ ನಿಲ್ಲುವುದಿಲ್ಲ.