ಪೆಲ್ವಿಸ್ ಆಪರೇಷನ್ ಆದವರನ್ನು ಮಂಚದಿಂದ ಇಳಿಸುವುದು ಹೇಗೆ?

ಡಿಸ್ಚಾರ್ಜ್ ಚೀಟಿಯ ಕೊನೆಯಲ್ಲಿ ‘ಬಲಗಾಲಿಗೆ ಭಾರ ಬೇಡ’ ಎಂಬ ಒಂದು ಸಾಲು ಇರುತ್ತದೆ. ಭಾರ ಹಾಕದೆ ಏಳುವುದು ಹೇಗೆಂದು ಅದರಲ್ಲಿ ಇರುವುದಿಲ್ಲ. ಮನೆಗೆ ಬಂದ ಮೊದಲ ರಾತ್ರಿ ರೋಗಿಗೆ ಮೂತ್ರಕ್ಕೆ ಅವಸರವಾಗುತ್ತದೆ. ಮಗ ಒಂದು ಕಂಕುಳಿಗೆ, ಅಳಿಯ ಇನ್ನೊಂದು ಕಂಕುಳಿಗೆ ಕೈ ಹಾಕಿ ಎತ್ತುತ್ತಾರೆ, ರೋಗಿ ಗಾಬರಿಯಲ್ಲಿ ಎರಡೂ ಕಾಲು ಊರಿಬಿಡುತ್ತಾರೆ. ಒಡೆದ ಮೂಳೆಗೆ ಹಾಕಿದ ಪ್ಲೇಟು ಕೆಡುವ ಭಯ ಇಂಥ ಹೊತ್ತಿನಲ್ಲೇ.

ಪೆಲ್ವಿಸ್ ಎಂದರೆ ಸೊಂಟದ ಕೆಳಗೆ ಬಳೆಯಾಕಾರದಲ್ಲಿ ಕೂಡಿಕೊಂಡಿರುವ ಮೂಳೆಗಳ ಕಟ್ಟು. ಬೆನ್ನುಮೂಳೆಯಿಂದ ಇಳಿಯುವ ಮೈಭಾರ ಇದರ ಮೂಲಕವೇ ತೊಡೆಗೆ ಹೋಗಬೇಕು. ಬೈಕ್ ಅಪಘಾತದಲ್ಲೋ, ಅಡಿಕೆ ಮರದಿಂದ ಬಿದ್ದೋ ಅದು ಒಡೆದರೆ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕಡೆ ಬಿಟ್ಟಿರುತ್ತದೆ. ಪ್ಲೇಟು, ಸ್ಕ್ರೂ ಹಾಕಿದ ಮಾತ್ರಕ್ಕೆ ಮೂಳೆ ಕೂಡಿತು ಎಂದಲ್ಲ. ಕೂಡುವ ತನಕ ಮೂಳೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದಷ್ಟೇ ಅವುಗಳ ಕೆಲಸ. ಬೇಡದ ಭಾರ ಮತ್ತೆ ಮತ್ತೆ ಬಿದ್ದರೆ ಸ್ಕ್ರೂ ಸಡಿಲವಾಗುತ್ತದೆ, ಪ್ಲೇಟು ಬಾಗುತ್ತದೆ, ಮುರಿಯುವುದೂ ಉಂಟು. ಎರಡನೇ ಆಪರೇಷನ್ ಮೊದಲಿನದಕ್ಕಿಂತ ಕಷ್ಟದ್ದು.

ಇಲ್ಲಿ ಹೇಳಿರುವ ಕ್ರಮ ಒಂದೇ ಬದಿಗೆ ಆಪರೇಷನ್ ಆಗಿ, ವಾಕರ್ ಹಿಡಿದು ಏಳಬಹುದು ಎಂದು ಡಾಕ್ಟರು ಹೇಳಿರುವವರಿಗೆ. ಎರಡೂ ಬದಿಗೆ ಪೆಟ್ಟಾಗಿದ್ದರೆ ನಿಲ್ಲಿಸುವ ಯೋಚನೆಯೇ ಬೇಡ. ಅವರನ್ನು ಮಂಚದಿಂದ ಗಾಲಿಕುರ್ಚಿಗೆ ಕೂತಲ್ಲೇ ಜಾರಿಸುವ ಬಗೆಯನ್ನು ಆಸ್ಪತ್ರೆ ಬಿಡುವ ಮೊದಲೇ ಫಿಸಿಯೋ ಹತ್ತಿರ ನಿಮ್ಮ ಕೈಯಿಂದಲೇ ಮಾಡಿ ಕಲಿಯಿರಿ.

1. ರೋಗಿ ಬರುವ ಮೊದಲು ಮನೆ

ನೆಲದ ಮೇಲಿನ ಹಾಸಿಗೆ ಬೇಡವೇ ಬೇಡ. ಮಂಚದ ಅಂಚಿನಲ್ಲಿ ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು, ಮಂಡಿ ಸೊಂಟಕ್ಕಿಂತ ತುಸು ಕೆಳಗಿರಬೇಕು. ಮಂಚ ತಗ್ಗಾಗಿದ್ದರೆ ನಾಲ್ಕೂ ಕಾಲಿನಡಿ ಅಗಲವಾದ ಮರದ ತುಂಡು ಕೊಡಿ. ಇಟ್ಟಿಗೆ ಜಾರುತ್ತದೆ. ಹಾಸಿಗೆ ಗಟ್ಟಿ ತೆಂಗಿನ ನಾರಿನದಿರಲಿ. ಸ್ಪಂಜಿನ ಹಾಸಿಗೆಯಲ್ಲಿ ಕುಂಡೆ ಕುಸಿದರೆ ಏಳಲು ಹೆಚ್ಚು ಬಲ ಬೇಕು.

ವಾಕರ್ ಚಕ್ರವಿಲ್ಲದ್ದೇ ಆಗಬೇಕು. ನಾಲ್ಕೂ ತುದಿಗೆ ಹೊಸ ರಬ್ಬರ್ ಬುಶ್ ಇರಲಿ. ರೋಗಿ ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಹಿಡಿಕೆ ಮಣಿಕಟ್ಟಿನ ಗೆರೆಗೆ ಬಂದರೆ ಅಳತೆ ಸರಿ. ಪಕ್ಕದ ಮನೆಯವರು ಕೊಟ್ಟ ವಾಕರ್ ಆದರೆ ಎತ್ತರ ಹೊಂದಿಸುವ ಗುಂಡಿಗಳು ನಾಲ್ಕೂ ಕಾಲಿನಲ್ಲಿ ಒಂದೇ ತೂತಿಗೆ ಕೂತಿವೆಯೇ ಎಂದು ನೋಡಿ. ನೆಲದ ಕಾಲೊರಸು, ಜಮಖಾನೆ ಎಲ್ಲ ಎತ್ತಿಡಿ.

2. ಇಳಿಸುವುದು

ನೋವಿನ ಮಾತ್ರೆ ಕೊಟ್ಟು ಅರ್ಧ ಗಂಟೆಯ ಮೇಲೆ ಶುರು ಮಾಡಿ. ಮೂತ್ರಕ್ಕೆ ಹಾಕಿದ ನಳಿಕೆ (ಕ್ಯಾತಿಟರ್) ಇದ್ದರೆ ಮೊದಲು ಚೀಲ ಖಾಲಿ ಮಾಡಿ, ಯಾವಾಗಲೂ ಅದನ್ನು ಮೂತ್ರಕೋಶದ ಮಟ್ಟಕ್ಕಿಂತ ಕೆಳಗೆ ಹಿಡಿಯಿರಿ.

ಹಲವು ದಿನ ಮಲಗಿದ್ದವರನ್ನು ಒಮ್ಮೆಗೇ ಕೂರಿಸಿದರೆ ತಲೆ ಸುತ್ತಿ ಬೀಳುತ್ತಾರೆ. ಬೆನ್ನಿಗೆ ದಿಂಬು ಕೊಟ್ಟು ಐದು ನಿಮಿಷ ಒರಗಿಸಿ. ಆಮೇಲೆ ರೋಗಿ ಎರಡೂ ಮೊಣಕೈ ಊರಿ, ಒಳ್ಳೆಯ ಕಾಲನ್ನು ಮಡಿಸಿ ಹಾಸಿಗೆಗೆ ಒತ್ತಿ, ಸ್ವಲ್ಪ ಸ್ವಲ್ಪವೇ ಅಂಚಿನ ಕಡೆ ಸರಿಯಬೇಕು. ನೀವು ಆಪರೇಷನ್ ಆದ ಕಾಲಿಗೆ ಒಂದು ಕೈ ಮಂಡಿಯ ಕೆಳಗೆ, ಇನ್ನೊಂದು ಕೈ ಹಿಮ್ಮಡಿಯ ಕೆಳಗೆ ಕೊಟ್ಟು ಜೊತೆಜೊತೆಗೇ ತನ್ನಿ. ಭುಜ, ಸೊಂಟ, ಕಾಲು ಮೂರೂ ಒಟ್ಟಿಗೆ ತಿರುಗಬೇಕು. ಮೈ ಮುಂದೆ ಹೋಗಿ ಕಾಲು ಹಿಂದೆ ಉಳಿದರೆ ಪೆಲ್ವಿಸ್ ತಿರುಚುತ್ತದೆ, ರೋಗಿ ಕೂಗಿಕೊಳ್ಳುವುದು ಆಗಲೇ. ಆಪರೇಷನ್ ಆದ ಕಾಲೇ ಮೊದಲು ಅಂಚಿಗೆ ಬರುವಂಥ ಬದಿಯಿಂದ ಇಳಿಸಿದರೆ ಅದು ಇನ್ನೊಂದು ಕಾಲನ್ನು ದಾಟಿ ಹೋಗುವ ಪ್ರಮೇಯವಿಲ್ಲ.

ಅಂಚಿನಲ್ಲಿ ಎರಡು ಮೂರು ನಿಮಿಷ ಕೂರಿಸಿ ಪಾದವನ್ನು ಹತ್ತು ಸಲ ಮೇಲೆ ಕೆಳಗೆ ಆಡಿಸಲು ಹೇಳಿ. ಕಣ್ಣು ಮಂಜಾಯಿತು ಎಂದರೆ ಮಾತಿಲ್ಲದೆ ಮತ್ತೆ ಮಲಗಿಸಿ. ಸಂಜೆ ನೋಡಿದರಾಯಿತು.

ಇನ್ನು ನಿಲ್ಲುವುದು. ಆಪರೇಷನ್ ಆದ ಕಾಲಿನ ಹಿಮ್ಮಡಿಯನ್ನು ಒಂದು ಗೇಣು ಮುಂದಕ್ಕೆ ಜಾರಿಸಿ, ಒಳ್ಳೆಯ ಪಾದವನ್ನು ಮಂಡಿಯ ನೇರಕ್ಕೆ ಹಿಂದೆ ಎಳೆದುಕೊಳ್ಳಬೇಕು. ಕೈ ಎರಡೂ ಹಾಸಿಗೆಯ ಮೇಲೆ. ಹಾಸಿಗೆಯನ್ನು ಒತ್ತಿ ಏಳಬೇಕೇ ಹೊರತು ವಾಕರ್ ಹಿಡಿದು ಎಳೆದುಕೊಂಡಲ್ಲ. ಎಳೆದರೆ ವಾಕರ್ ಮಗುಚಿ ಮೈಮೇಲೆ ಬರುತ್ತದೆ. ನಿಂತ ಮೇಲೆ ಒಂದೊಂದೇ ಕೈಯನ್ನು ವಾಕರ್‌ಗೆ ತರಲಿ. ನೀವು ಆಪರೇಷನ್ ಆದ ಬದಿಯಲ್ಲಿ, ಅರ್ಧ ಹೆಜ್ಜೆ ಹಿಂದೆ ನಿಲ್ಲಿ. ಕಂಕುಳಿಗೆ ಕೈ ಹಾಕಬೇಡಿ: ಭುಜ ನೋಯುತ್ತದೆ, ಭುಜ ಮೇಲೆದ್ದಷ್ಟೂ ರೋಗಿ ಕಾಲು ಊರುತ್ತಾರೆ. ದಪ್ಪ ಬೈರಾಸನ್ನು (ಟವೆಲ್) ಮಡಿಸಿ, ಹೊಲಿಗೆಗೆ ತಾಗದಂತೆ ಪಕ್ಕೆಲುಬಿನ ಕೆಳಭಾಗಕ್ಕೆ ಸುತ್ತಿ ಬಿಗಿದು, ಬೆನ್ನ ಹಿಂದಿನ ಅದರ ಮಡಿಕೆಯನ್ನು ಹಿಡಿದುಕೊಳ್ಳಿ.

ಈಗ ಎಲ್ಲರೂ ಎಡವುವ ಜಾಗ. ‘ಭಾರ ಬೇಡ’ ಎಂದಿದ್ದಕ್ಕೆ ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿಯುತ್ತಾರೆ. ಹಾಗೆ ಎತ್ತಿ ಹಿಡಿಯಲು ತೊಡೆಸಂದಿನ ಸುತ್ತಲಿನ ಸ್ನಾಯುಗಳು ಬಿಗಿದುಕೊಂಡು ಕೀಲನ್ನು ಒತ್ತುತ್ತವೆ. ಪಾದವನ್ನು ಹಗುರವಾಗಿ ನೆಲಕ್ಕೆ ತಾಗಿಸಿದಾಗ ಬೀಳುವ ಒತ್ತಡಕ್ಕಿಂತ ಇದೇ ಹೆಚ್ಚಾಗಬಹುದು. ಅದಕ್ಕೇ ಸರ್ಜನ್‌ಗಳು ಬಹಳ ಸಲ ‘ಟೋ ಟಚ್’ ಎಂದು ಬರೆಯುವುದು: ಪಾದ ನೆಲದ ಮೇಲೆ ಇರಬೇಕು, ಅದರ ಮೇಲೆ ಕಾಲಿನ ತೂಕವಷ್ಟೇ, ಸುಮಾರು 10 ಕಿಲೋ. ನಿಮ್ಮ ಚೀಟಿಯಲ್ಲಿರುವುದು ಟೋ ಟಚ್ಚೋ, ಪೂರ್ತಿ ನಿಷೇಧವೋ ಎಂದು ಬಾಯಿಬಿಟ್ಟು ಕೇಳಿ.

ಟೋ ಟಚ್ ಎಂದಿದ್ದರೆ, ಹತ್ತು ಕಿಲೋ ಎಷ್ಟೆಂದು ರೋಗಿಯ ಕಾಲಿಗೆ ಗೊತ್ತಾಗಬೇಕಾದರೆ ತೂಕದ ಯಂತ್ರ ಬೇಕು. ಮುಳ್ಳಿನ ಯಂತ್ರವನ್ನು ಆಪರೇಷನ್ ಆದ ಪಾದದಡಿ ಇಟ್ಟು, ಅಷ್ಟೇ ಎತ್ತರದ ಗಟ್ಟಿ ಹಲಗೆಯನ್ನು ಇನ್ನೊಂದು ಪಾದದಡಿ ಇಡಿ. ರೋಗಿ ವಾಕರ್ ಹಿಡಿದು ನಿಂತು, ಮುಳ್ಳು ಹತ್ತಕ್ಕೆ ಬರುವಷ್ಟು ಊರಿ, ಕಣ್ಣು ಮುಚ್ಚಿ ಮತ್ತೆ ಊರಿ ನೋಡಲಿ. ದಿನಕ್ಕೆ ಎರಡು ಹೊತ್ತು ಮಾಡಿದರೆ ಅಂದಾಜು ಸಿಕ್ಕುತ್ತದೆ. ಡಿಜಿಟಲ್ ಯಂತ್ರ ಅಂಕಿ ನಿಲ್ಲಿಸಿಬಿಡುವುದರಿಂದ ಇದಕ್ಕೆ ಬಾರದು. ಯಂತ್ರವಿಲ್ಲದ ಕಡೆ ನಿಮ್ಮ ಅಂಗೈಯನ್ನು ಅವರ ಪಾದದಡಿ ಇಡಿ. ಕೈ ಹಿಂದಕ್ಕೆ ತೆಗೆಯಲು ಕಷ್ಟವಾದರೆ ಭಾರ ಜಾಸ್ತಿಯಾಗಿದೆ.

ನಡೆಯುವಾಗ ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೈಗೆ ಭಾರ ಕೊಟ್ಟು ಕೊನೆಗೆ ಒಳ್ಳೆಯ ಕಾಲು. ಒಳ್ಳೆಯ ಕಾಲಿನ ಕಡೆಗೇ ತಿರುಗಬೇಕು, ಅದೂ ಸಣ್ಣ ಸಣ್ಣ ಹೆಜ್ಜೆಯಲ್ಲಿ. ನೆಟ್ಟ ಪಾದದ ಮೇಲೆ ಮೈ ತಿರುವಬಾರದು. ಆದ್ದರಿಂದ ಕುರ್ಚಿಯನ್ನೂ ಒಳ್ಳೆಯ ಕಾಲಿನ ಪಕ್ಕಕ್ಕೇ ಇಡಿ. ಕೂರುವಾಗ ಆ ಕಾಲಿನ ಹಿಂಬದಿ ಕುರ್ಚಿಗೆ ತಾಗುವ ತನಕ ಹಿಂದೆ ಸರಿದು, ಕೈ ಹಿಡಿಕೆಗೆ ತಂದು, ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಮೆಲ್ಲಗೆ ಇಳಿಯಬೇಕು. ಧೊಪ್ಪೆಂದು ಕೂತರೆ ಆ ಹೊಡೆತ ನೇರ ಪೆಲ್ವಿಸ್‌ಗೆ.

3. ಕಕ್ಕಸು

ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು ಕನಿಷ್ಠ ಮೂರು ತಿಂಗಳು ಇಲ್ಲ. ತೊಡೆಮೂಳೆ ಕೂರುವ ಬಟ್ಟಲೇ ಒಡೆದಿದ್ದರೆ ಇನ್ನೂ ಹೆಚ್ಚು ಕಾಲ. ಅಂಥವರು ಸೊಂಟವನ್ನು 90 ಡಿಗ್ರಿಗಿಂತ ಹೆಚ್ಚು ಬಗ್ಗಿಸಬಾರದು ಎಂದೂ ಹೇಳಿರುತ್ತಾರೆ. ನೆಲಕ್ಕೆ ಬಿದ್ದ ಚೊಂಬನ್ನು ಬಗ್ಗಿ ಎತ್ತಿಕೊಳ್ಳುವುದೂ ಇದರಲ್ಲಿ ಸೇರಿತು. ಕಬ್ಬಿಣದ ಕಮೋಡ್ ಚೇರನ್ನು ದೇಸಿ ಪ್ಯಾನ್ ಮೇಲೇ ಇಡಬಹುದು. ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಕೊಡುತ್ತಾರೆ, ಅದನ್ನು ಬಳಸಬೇಡಿ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಬಿಡುತ್ತದೆ.

ಮಲಕ್ಕೆ ಕೂತು ತಿಣುಕುವುದು ಬಹಳ ನೋವು ತರುತ್ತದೆ. ಟ್ರಮಡಾಲ್ ಜಾತಿಯ ನೋವಿನ ಮಾತ್ರೆ ಮಲಬದ್ಧತೆ ಮಾಡುತ್ತದೆ, ಮೂರು ದಿನ ಕಾಯದೆ ಮೊದಲ ದಿನದಿಂದಲೇ ಡಾಕ್ಟರನ್ನು ಕೇಳಿ ಮಲ ಮೆತ್ತಗಾಗುವ ಔಷಧಿ ಇಟ್ಟುಕೊಳ್ಳಿ. ಏಳುವ ಕಷ್ಟಕ್ಕೆ ಹೆದರಿ ನೀರು ಕುಡಿಯದೆ ಇರುವುದು ಈ ರೋಗಿಗಳ ದೊಡ್ಡ ತಪ್ಪು.

4. ರಕ್ತ ಹೆಪ್ಪುಗಟ್ಟದ ಇಂಜೆಕ್ಷನ್

ಪೆಲ್ವಿಸ್ ಪೆಟ್ಟಿನ ನಂತರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಅದಕ್ಕೇ ಎನಾಕ್ಸಪಾರಿನ್ ಇಂಜೆಕ್ಷನ್ ಇಲ್ಲವೇ ಮಾತ್ರೆ ಬರೆದಿರುತ್ತಾರೆ. ‘ನಡೆಯುತ್ತಿದ್ದಾರಲ್ಲ’ ಎಂದು ಅರ್ಧಕ್ಕೆ ಬಿಡಬೇಡಿ. ಹೊಟ್ಟೆಯಲ್ಲಿ ಹೊಕ್ಕುಳಿನಿಂದ ನಾಲ್ಕು ಬೆರಳು ಆಚೆ, ಹೊಲಿಗೆಯಿಂದ ದೂರ, ಚರ್ಮವನ್ನು ಚಿವುಟಿ ಹಿಡಿದು ಸೂಜಿ ನೇರವಾಗಿ ಹಾಕಿ. ಪೂರ್ತಿ ಡೋಸ್ ಕೊಡುವಾಗ ಸಿರಿಂಜಿನೊಳಗಿನ ಗಾಳಿಗುಳ್ಳೆ ತೆಗೆಯಬಾರದು, ಚುಚ್ಚಿದ ಜಾಗ ಉಜ್ಜಬಾರದು. ಇದರ ಜೊತೆಗೆ ಮೆಡಿಕಲ್ ಶಾಪಿನಿಂದ ಬೇರೆ ನೋವಿನ ಮಾತ್ರೆ ಕೇಳಿ ತಂದು ನುಂಗಿದರೆ ರಕ್ತಸ್ರಾವವಾಗುವ ಅಪಾಯವಿದೆ.

ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಅಂದೇ ಆಸ್ಪತ್ರೆಗೆ. ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವು ಬಂದರೆ ತಕ್ಷಣ 108.

5. ಉಜ್ಜುವುದು, ಒರಗುವುದು

ಎಣ್ಣೆ ಹಚ್ಚಿ ತಿಕ್ಕುವುದು, ಶಾಖ ಕೊಟ್ಟು ಕಾಲು ಎಳೆಯುವುದು ಖಂಡಿತ ಬೇಡ, ಯಾವ ಊರಿನ ಎಣ್ಣೆಯಾದರೂ ಸರಿ. ಆಪರೇಷನ್ ಆದ ಸ್ನಾಯುವಿನಲ್ಲಿ ಹೊಸ ಮೂಳೆ ಬೆಳೆದು ಕೀಲು ಬಿಗಿಯುವ ತೊಂದರೆ ಈ ಭಾಗದಲ್ಲಿ ಮೊದಲೇ ಉಂಟು, ಬಲವಾಗಿ ತಿಕ್ಕುವುದು ಅದಕ್ಕೆ ಇಂಬು ಕೊಡಬಹುದು. ಹೆಪ್ಪುಗಟ್ಟಿದ ರಕ್ತವಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಉಂಗುರದಂಥ ಗಾಳಿ ದಿಂಬಿಗೂ ದುಡ್ಡು ಹಾಕಬೇಡಿ, ಅದು ಸುತ್ತಲಿನ ಚರ್ಮವನ್ನು ಒತ್ತಿ ಹುಣ್ಣು ಮಾಡುತ್ತದೆ. ಎರಡು ಗಂಟೆಗೊಮ್ಮೆ, ತೊಡೆಗಳ ನಡುವೆ ದಿಂಬಿಟ್ಟು, ಡಾಕ್ಟರು ಒಪ್ಪಿದ ಬದಿಗೆ ಹೊರಳಿಸಿದರೆ ಸಾಕು.

ಚರ್ಮಕ್ಕೆ ಹಾಕಿದ ಹೊಲಿಗೆ ಅಥವಾ ಪಿನ್ನು ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ತೆಗೆಯುತ್ತಾರೆ. ಅಲ್ಲಿಯ ತನಕ ಗಾಯ ಒಣಗಿರಲಿ. ಪಾದ ಮೇಲೆತ್ತಲಾಗದೆ ಜೋತುಬಿದ್ದರೆ ನರಕ್ಕೆ ಪೆಟ್ಟಾಗಿರಬಹುದು. ತಾನಾಗಿ ಸರಿಹೋಗಲಿ ಎಂದು ಬಿಡದೆ ತೋರಿಸಿ, ಪಾದಕ್ಕೆ ಸ್ಪ್ಲಿಂಟ್ ಹಾಕಿಸಿ.

6. ಭಾರ ಹೆಚ್ಚಿಸುವುದು

ನೋವು ಹೋದದ್ದನ್ನು ನಂಬಬೇಡಿ, ಎಕ್ಸ್‌ರೇ ನಂಬಿ. ಸಾಮಾನ್ಯವಾಗಿ 6ನೇ ವಾರ ಒಂದು, 12ನೇ ವಾರ ಒಂದು ಎಕ್ಸ್‌ರೇ ತೆಗೆಸುತ್ತಾರೆ. ಅದನ್ನು ನೋಡಿ ಸರ್ಜನ್ ಹೇಳಿದ ಮೇಲೆಯೇ ಮುಂದಿನ ಹೆಜ್ಜೆ. ಬೀಡಿ, ಸಿಗರೇಟು ಮೂಳೆ ಕೂಡುವುದನ್ನು ನಿಧಾನ ಮಾಡುತ್ತವೆ, ಈ ಮೂರು ತಿಂಗಳಾದರೂ ಬಿಡಿಸಿ.

ಮೂತ್ರ ಸರಾಗವಾಗಿ ಬರದಿರುವುದು, ಗಂಡಸರಿಗೆ ನಿಮಿರುವಿಕೆಯ ತೊಂದರೆ, ಹೆಂಗಸರಿಗೆ ಲೈಂಗಿಕ ಸಂಪರ್ಕದಲ್ಲಿ ನೋವು: ಪೆಲ್ವಿಸ್ ಪೆಟ್ಟಿನಲ್ಲಿ ಇವು ಅಪರೂಪವಲ್ಲ. ನಾಚಿಕೆಯಿಂದ ಮುಚ್ಚಿಟ್ಟರೆ ಚಿಕಿತ್ಸೆ ಸಿಗುವುದು ತಡವಾಗುತ್ತದೆ. ಡಾಕ್ಟರು ಕೇಳದಿದ್ದರೂ ನೀವೇ ಹೇಳಿ. ಮುಂದೆ ಮಗು ಬೇಕೆನ್ನುವ ಹೆಣ್ಣುಮಕ್ಕಳು ಆಪರೇಷನ್ ಚೀಟಿ ಮತ್ತು ಕೊನೆಯ ಎಕ್ಸ್‌ರೇ ಎತ್ತಿಟ್ಟುಕೊಳ್ಳಬೇಕು. ಸಹಜ ಹೆರಿಗೆಯೋ ಸಿಸೇರಿಯನ್ನೋ ಎಂದು ನಿರ್ಧರಿಸುವಾಗ ಹೆರಿಗೆ ಡಾಕ್ಟರು ಪ್ಲೇಟು ಎಲ್ಲಿದೆ ಎಂಬುದನ್ನೂ ನೋಡುತ್ತಾರೆ.